ಚಿಕ್ಕವು ಕೊನೆಗೆ

ಹಾಸನದ ಸಂತೆಪೇಟೆಯ ಮಂಡಿಯೊಂದರಲ್ಲಿ
ನನ್ನ ಸೋದರತ್ತೆ ದ್ಯಾವಮ್ಮ
ಇಪ್ಪತ್ತೆರಡು ವರ್ಷ ಆಲೂಗೆಡ್ಡೆ ಜರಡಿ ಆಡಿಸಿದಳು.
ಇಳಿಜಾರಿಗೆ ಕಟ್ಟಿದ ಕಬ್ಬಿಣದ ಜಾಲರಿ,
ಗೋಲಿ ಗೆಡ್ಡೆ ಮೊದಲು ಉದುರುತ್ತಿತ್ತು,
ಆಮೇಲೆ ಮಧ್ಯಮ,
ದಪ್ಪದ್ದು ಕೊನೆಯವರೆಗೂ ಮೇಲೇ ಕುಣಿದು
ದರ ಹೇಳಿಸಿಕೊಂಡು ಇಳಿಯುತ್ತಿತ್ತು.

ನನ್ನದೂ ಅದೇ ಕಸುಬು.
ಮೊಳದುದ್ದವೂ ಇಲ್ಲದ ಉಕ್ಕಿನ ಕೊಳವೆ,
ಒಳಗೆ ಒತ್ತಿ ತುಂಬಿದ ಜೆಲ್ಲಿನ ಮಣಿ,
ಮಣಿಯ ಮೈತುಂಬ ಕಣ್ಣಿಗೆ ಕಾಣದ ಬಿಲ.
ಅದೇ ಗೆಡ್ಡೆಯ ಪಿಷ್ಟ ಕರಗಿಸಿ, ಸೋಸಿ,
ಸೂಜಿಯಿಂದ ಒಂದು ಹನಿ ಬಿಟ್ಟು
ಪಂಪಿನ ಒತ್ತಡ ನೋಡುತ್ತಾ ಕೂರುತ್ತೇನೆ.
ನಿಮಿಷಕ್ಕೆ ಅರ್ಧ ಮಿಲಿಲೀಟರ್,
ಹಸು ಸೊರೆ ಬಿಡದ ದಿನದ ಹಾಲಿನ ಹಾಗೆ.

ಇಲ್ಲಿ ದಪ್ಪದ್ದೇ ಮೊದಲು ಬರುತ್ತದೆ.
ಹೇಳಿದರೆ ಅತ್ತೆ ನಂಬಲಿಲ್ಲ:
“ದಪ್ಪಂದು ಮುಂಚೆ ಬಿತ್ತು ಅಂದ್ರೆ
ನಿಮ್ ಜರಡಿ ಹರಿದದೆ ಕಣವ್ವ.”

ಹಾಗಲ್ಲ ಅತ್ತೆ,
ಪೇಟೆ ಬೀದಿಯಲ್ಲಿ ಆನೆ ಬಂತು ಅಂದುಕೋ,
ಯಾವ ಅಂಗಡಿಗೂ ತೂರಲಾರದು,
ನೆಟ್ಟಗೆ ನಡೆದು ಬಸ್ ಸ್ಟ್ಯಾಂಡ್ ಮುಟ್ಟುತ್ತದೆ.
ಜೊತೆಗೇ ಹೊರಟ ಹುಡುಗ
ಬಳೆ ಅಂಗಡಿ, ಸೈಕಲ್ ಶಾಪು, ಮಿಲ್ಲಿನ ಹಿಂದಿನ ಸಂದಿ,
ಕಂಡಲ್ಲೆಲ್ಲ ನುಗ್ಗಿ, ನಿಂತು, ಮರೆತು,
ಹೊತ್ತು ಮುಳುಗಿಸಿಕೊಂಡು ಬರುತ್ತಾನೆ.
ಎಷ್ಟು ತಡವೋ ಅಷ್ಟು ಚಿಕ್ಕವ,
ಅದೇ ಲೆಕ್ಕ.

ಅತ್ತೆ ಎಲೆಗೆ ಸುಣ್ಣ ಸವರುತ್ತಾ,
“ತಡವಾಗಿ ಬಂದೋರ್ನೆಲ್ಲ ಚಿಕ್ಕೋರು ಅಂದ್ಬುಡ್ತದಾ?”
ಒಮ್ಮೊಮ್ಮೆ ಅನ್ನುತ್ತದೆ.
ದಾರಿಯಲ್ಲಿ ಮಣಿಗೆ ಅಂಟಿಕೊಂಡು ನಿಂತದ್ದನ್ನೂ
ಚಿಕ್ಕದೆಂದೇ ಬರೆದುಕೊಳ್ಳುತ್ತದೆ.
ಅದಕ್ಕೆ ನಮ್ಮಲ್ಲಿ ಪರಿಹಾರವಿದೆ, ಸ್ವಲ್ಪ ಉಪ್ಪು.

ಮೊನ್ನೆ ಎರಡು ಮಾದರಿ ಬಂದವು.
ಒಂದು ಅಗೆದು ಎಂಟು ದಿನ,
ಇನ್ನೊಂದು ಕೋಲ್ಡ್ ಸ್ಟೋರೇಜಿನಲ್ಲಿ ಐದು ತಿಂಗಳು ಮಲಗಿದ್ದದ್ದು.
ತೂಕದ ಸರಾಸರಿ ಹೆಚ್ಚುಕಮ್ಮಿ ಒಂದೇ,
ಆ ಲೆಕ್ಕದಲ್ಲಿ ಭಾರವಿದ್ದವನದೇ ಮಾತು.
ತಲೆಗೊಂದರಂತೆ ಎಣಿಸಿದಾಗ
ಹಳೆಯದು ನೆಲಕಚ್ಚಿತ್ತು.
ಸರಪಳಿ ಅಲ್ಲಲ್ಲಿ ಕಡಿದು
ತುಂಡು, ತುಂಡಿನ ತುಂಡು, ಸಿಹಿ.
ನಫೀಸಾ ಮೇಡಂ ಒಂದನ್ನು ಇನ್ನೊಂದರಿಂದ ಭಾಗಿಸಿ
“ಹರವು ಜಾಸ್ತಿ” ಎಂದು ಪೆನ್ಸಿಲಿನಲ್ಲಿ ಬರೆದರು.

ಅತ್ತೆಗೆ ಈ ಭಾಗಾಕಾರ ಮೊದಲೇ ಗೊತ್ತಿತ್ತು.
ಸಿದ್ದಬಸಪ್ಪನ ಮಂಡಿಯಲ್ಲಿ
ಮೂಟೆಯ ಬಾಯಿಗೆ ಮುಷ್ಟಿಗಾತ್ರದವು,
ಹೊಟ್ಟೆಯಲ್ಲಿ ಏನಿದೆಯೋ.
ಕೊಳ್ಳಲು ಬಂದವರು ಬೊಗಸೆ ನೋಡಿ ಬೆಲೆ ಕಟ್ಟುತ್ತಿದ್ದರು.
“ಸುರುವಿಸ್ದೆ ಕೊಳ್ಳಬ್ಯಾಡಿ” ಎಂದು
ಒಮ್ಮೆ ಯಾರಿಗೋ ಪಿಸುಗುಟ್ಟಿ
ಎರಡು ವಾರದ ಕೂಲಿ ಕಳಕೊಂಡಳು.

ನಾನು ಪೂರ್ತಿ ಸುರಿಸುತ್ತೇನೆ.
ಹದಿನೆಂಟನೇ ನಿಮಿಷಕ್ಕೆ ಪರದೆಯಲ್ಲಿ ಬೆಟ್ಟ ಏಳುತ್ತದೆ,
ಕೊಂಬೆಗೆ ಕೊಂಬೆ ಒಡೆದ ದೈತ್ಯರು.
ಇಪ್ಪತ್ತಾರಕ್ಕೆ ಗುಡ್ಡ, ಅಗಲ, ಸೋಮಾರಿ.
ಆಮೇಲೆ ಗೆರೆ ಇಳಿದು, ಇಳಿದು, ಮಟ್ಟಸ.
ಹೊಸದಾಗಿ ಸೇರಿದ ಧರಣೇಶ
ಸ್ಟಾಪ್ ಒತ್ತಲು ಕೈ ಚಾಚುತ್ತಾನೆ,
ಐದೂವರೆಗೆ ಆಲೂರಿನ ಬಸ್ಸು.
ಇರು ಅನ್ನುತ್ತೇನೆ.

ಗೋಲಿ ಗೆಡ್ಡೆಗೆ ಗಿರಾಕಿ ಇರಲಿಲ್ಲ.
ಕಸದ ಜೊತೆ ಗುಡಿಸಿದ್ದನ್ನು ಆರಿಸಿ
ಅತ್ತೆ ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು, ದೀಪ ಹಚ್ಚಿದ ಮೇಲೆ.
ಸಿಪ್ಪೆ ಸುಲಿಯುವ ಗೋಜಿಲ್ಲ,
ಬೇಯಿಸಿ, ಹುಚ್ಚೆಳ್ಳು ಪುಡಿ ಉದುರಿಸಿ,
ಮುದ್ದೆಯ ಪಕ್ಕಕ್ಕೆ.
ಇದನ್ನೆಲ್ಲ ಅವನಿಗೆ ಹೇಳುವುದಿಲ್ಲ.

ಮೂವತ್ತೇಳು. ಬಸ್ಸು ಹೋಯಿತು ಮೇಡಂ, ಅನ್ನುತ್ತಾನೆ.
ಮೂವತ್ತೆಂಟು.
ಗೆರೆ ಕೂದಲೆಳೆಯಷ್ಟು ಅಲುಗುತ್ತದೆ.
ನೋಡು,
ಬಂತು.