ಕಾಲು ತಾಸಿನ ಪ್ಯಾಟಿ

ಬದನಿಕಾಯಿ ಆದ್ರ ಹೆಬ್ಬೆಟ್ಟಿಲೆ ಒತ್ತಿ ನೋಡಬೌದು.
ನಮ್ಮವ್ವ ರವಿವಾರ ಪ್ಯಾಟ್ಯಾಗ ತೊಟ್ಟು ತಿರುವಿ,
ಮೂಸಿ, ಮುಖ ಕಿವಿಚಿ, ಎರಡು ಹೆಜ್ಜಿ ಮುಂದ ಹೋಗ್ತಾಳ;
ಹಿಂದ ಕರಿಯೂ ತನಕ ತಿರುಗಿ ನೋಡಾಕಿ ಅಲ್ಲ.
ನಾ ಕೊಳ್ಳೂ ಮಾಲಿಗೆ ತೊಟ್ಟಿಲ್ಲ, ವಾಸನಿಲ್ಲ,
ನಾಳಿಗಿರಲಿ ಅಂತ ಮುಚ್ಚಿಡಾಕ ಬುಟ್ಟಿ ಇಲ್ಲ.
ಹುಟ್ಟಿದ ಗಳಿಗ್ಯಾಗ ಉಂಡು ಮುಗಿಸಬೇಕು.

ಉದ್ಯಮಬಾಗದಾಗ ಪದ್ಮರಾಜ ಉಪಾಧ್ಯೆ ಅವರ ಫೌಂಡ್ರಿ,
ಪಂಪಿನ ಹೊಟ್ಟಿ, ವಾಲ್ವಿನ ಗಂಟಲು ಎರಕ ಹೊಯ್ಯೂ ಜಾಗ.
ಮಗ್ಗಲಿನ ತಗಡಿನ ಕೋಣ್ಯಾಗ ನಾನು, ಪ್ರೇಮಾ ಕಲ್ಲೋಳಿ,
ಹನ್ನೊಂದು ವರ್ಷ ಗುಜರಿ, ಮರಳು ತೂಗಿಸಿ ಬರಕೊಂಡಾಕಿ.
ಹ್ವಾದ ದೀಪಾವಳಿ ಮುಂದ ಮಾಲಕ್ರು ಅಂದ್ರು:
‘ಇನ್ನ ಕರೆಂಟೂ ನೀನ ಸಂತಿ ಮಾಡಬೇಕವಾ.
ಮೆಗಾವ್ಯಾಟ್ ದಾಟಿದವ್ರಿಗೆ ಬಾಗಲಾ ತೆರದಾರ.’

ತೆರದಾರ, ಖರೆ.
ಹೊಸ್ತಿಲಾ ದಾಟಿದ ಮ್ಯಾಲ ಗೊತ್ತಾತು,
ತಂತಿ ಬಾಡಿಗಿ ಬ್ಯಾರೆ, ಹಾದ್ಯಾಗ ಸೋರಿದ್ದು ಬ್ಯಾರೆ,
ದಲಾಲಿ ಬ್ಯಾರೆ; ತನ್ನ ಬಿಟ್ಟು ಹೊರಗ ಉಂಡಿದ್ದಕ್ಕ
ಹೆಸ್ಕಾಂ ಹಾಕೂ ದಂಡ ಬ್ಯಾರೆ.
ಅದು ದಂಡ ಅಲ್ಲಂತ, ಸರ್ಚಾರ್ಜ್ ಅಂತ.

ಹತ್ತಕ್ಕ ಪ್ಯಾಟಿ ತೆರೀತೈತಿ, ಹನ್ನೆರಡಕ್ಕ ಮುಚ್ಚತೈತಿ.
ನಾಳಿನ ದಿನಾ ತೊಂಬತ್ತಾರು ತುಂಡು ಹೆಚ್ಚಿ ಹರವಿರ್ತಾರ,
ಒಂದೊಂದು ಕಾಲು ತಾಸು.
ಒಂದೊಂದಕ್ಕೂ ನಾ ಹೇಳಬೇಕು:
ಇಷ್ಟು ಬೇಕು. ಇದರ ಮ್ಯಾಲ ಪೈಸೆ ಕೊಡೂದಿಲ್ಲ.
ಮಾರಾವ್ರ ಮಾರಿ ಕಾಣೂದಿಲ್ಲ.
ಗದಗಿನ ಗುಡ್ಡದಾಗ ಆಷಾಢದ ಗಾಳಿ ಎದ್ರ
ದರಾ ಎರಡೂವರಿಗೆ ಕುಂದರತೈತಿ,
ನಮ್ಮ ಕಬ್ಬಿಣ ಅಗ್ಗದಾಗ ನೀರಾಗತೈತಿ.
ಸಂಜೀಕ ದೇಶದ ಮನಿಮನಿಗೆ ದೀಪಾ ಹತ್ತಿತಂದ್ರ
ಅದ ದರಾ ಎದ್ದು
ಹತ್ತು ರೂಪಾಯಿ ಛತ್ತಿಗೆ ತಲಿ ಬಡಕೊಂಡು ನಿಂದರತೈತಿ.

ಒಂದು ಮಂಗಳವಾರ ನನಗ ಆಸಿ ಹುಟ್ಟಿತು.
ಎಪ್ಪತ್ತಾರರಿಂದ ಎಂಬತ್ತು, ಐದು ತುಂಡು,
ಆರು ರೂಪಾಯಿ ಅಂತ ಬರದು
ಅವ್ವನಂಗ ಎರಡು ಹೆಜ್ಜಿ ಮುಂದ ಹ್ವಾದೆ.
ಯಾರೂ ಹಿಂದ ಕರೀಲಿಲ್ಲ.

ಹೋಗಲಿ, ನಾಳೆ ಮುಕ್ಕಾಲು ಏಳರಿಂದ ಎಂಟು
ಭಟ್ಟಿ ಬಂದ್ ಅಂತ ಸೀಮಿಸುಣ್ಣಲೆ ಹಲಗಿ ಮ್ಯಾಲ ಬರದೆ.
ಬುಧವಾರ ಕ್ರೇನಿನ ಸರಪಳಿ ಸಿಗಿಬಿತ್ತು.
ತಾಸು ತಡಾಗಿ ಸುರದ ಗುಜರಿ
ಮುಕ್ಕಾಲು ಏಳಕ್ಕ ಅರ್ಧಾ ಕರಗಿತ್ತು,
ಬಕೀಟಿನ ಹಿಡಿಕಿ ಇನ್ನೂ ಹಿಡಿಕೀನ ಇತ್ತು.
ಹಸನಸಾಬ ಸನದಿ ನೀಲಿ ಕನ್ನಡಕ ಹಣಿಗೆ ಏರಿಸಿ
ಕೋಣಿ ಬಾಗಲಕ್ಕ ಬಂದು ನಿಂತ.
‘ಬಿಟ್ರ ಹೆಪ್ಪಗಟ್ಟತೈತ್ರಿ ಅಕ್ಕಾರ. ಭಟ್ಟಿ ಒಡೀಬೇಕಾಗತೈತಿ.
ಹಲಗಿ ಮ್ಯಾಲಿಂದು ನಾನೂ ಓದೇನಿ.
ಕಬ್ಬಿಣಕ್ಕ ಅಕ್ಷರಾ ಬರೂದಿಲ್ಲ.’

ಎಳಕೋರಿ ಅಂದೆ, ಹೆಸ್ಕಾಂ ತಂತಿಯಿಂದ, ಹೇಳಿದ ರೇಟಿಗೆ.
ಮೂರು ತಿಂಗಳು ಪೈಸೆ ಪೈಸೆ ಉಳಿಸಿದ್ದು
ಐದು ಕಾಲು ತಾಸಿನ್ಯಾಗ ಕೆಂಪಗಾಗಿ ಹರದು ಹ್ವಾತು.
ಮಾಲಕ್ರು ಬೈಲಿಲ್ಲ. ಚಸ್ಮಾ ಒರಸಿದ್ರು,
ಹಾಕ್ಕೊಂಡ್ರು, ಮತ್ತ ತಗದು ಒರಸಿದ್ರು.

ಮನಿಗೆ ಬಂದ್ರ ಅವ್ವ ಬಿಲ್ಲು ಮುಂದ ಹಿಡದ್ಲು, ಓದು ಅಂತ.
ಸೊನ್ನಿ.
‘ಪುಕಟ ಯಾರ ಕೊಡತಾರ? ಕೊಸರಿಗೂ ಜಗಳಾ ಆಡಬೇಕು ನಾವು.’
ಕೊಸರು!
ಆ ಸರ್ಚಾರ್ಜ್ ಯಾರ ಮನಿ ದೀಪಕ್ಕ ಅಂತ
ಲೈನ್‌ಮನ್ ಒಮ್ಮಿ ಹೇಳಿದ್ದ, ನಾ ನಕ್ಕಿದ್ದೆ.
ಈಗ ಅವ್ವಗ ಹೇಳೂದು ಹ್ಯಾಂಗ,
ಮಗಳು ಹಗಲೆಲ್ಲಾ ಕೊಡಬಾರದಂತ ಬಡದಾಡೂದು
ನಿನ್ನ ಬುಟ್ಟ್ಯಾಗ ಬೀಳೂ ಕೊಸರಿನ ಸಂಬಂಧ ಅಂತ?

ಮರುದಿನ ಸಂಜೀಕ ಅವ್ವ ಪಡಸಾಲ್ಯಾಗ ತೊಗರಿಬ್ಯಾಳಿ ಹಸನ ಮಾಡಾಕತ್ತಿದ್ಲು.
ಗಡಿಯಾರ ನೋಡಿದೆ. ಏಳು ಹೊಡದು ಐದು ನಿಮಿಷ.
ಎಪ್ಪತ್ತೇಳನೇ ತುಂಡು.
ನನಗ ಗೊತ್ತಿಲ್ಲದ ಎದ್ದು
ಕಟ್ಟಿ ಮ್ಯಾಲಿನ ದೀಪಾ ಆರಿಸಿದೆ.

‘ಯಾಕ ಕತ್ತಲಾ ಮಾಡಿದಿ?’ ಅಂದ್ಲು.
‘ಹಳ್ಳ ಕಾಣವಲ್ಲವು.’