ಗೋಟಾ

ಮುಂಜಾನೆ ಎಂಟೂವರೆಗೆ, ನೆಹರು ಗಂಜಿನ ಬಾಜೂಕ್ಕಿರುವ
ನಮ್ಮ ಎರಡು ಖೋಲಿಯ ಲ್ಯಾಬಿಗೆ ಜಗದೇವಿ ಬಂದಳು.
ತಲೆವಸ್ತ್ರದ ತುಂಬ ತೊಗರಿ ಹೊಟ್ಟು,
ಕೈಯಲ್ಲಿ ಮೂರು ವರ್ಷದ ಮೂರು ಚೀಟಿ.
ಮೂರರಲ್ಲೂ ಒಂದೇ ಸಾಲು: ರಕ್ತ ಕಮ್ಮಿ.
ಕೆಳಗೆ ಒಂದೇ ಗುಳಿಗೆ, ಕೆಂಪನೆಯದು, ದಿನಕ್ಕೊಂದು.

"ನುಂಗಿ ನುಂಗಿ ಹೊಟ್ಟಿ ಕಟ್ಯದ ಬಾಯೀ,
ಮೈಯಾಗ ಏನೂ ಕೂಡಲಿಲ್ಲ."

ತೋಳಿಗೆ ಪಟ್ಟಿ ಬಿಗಿದೆ. ನರ ಸಿಗಲು ಹೊತ್ತಾಯಿತು.
ಆಕೆ ಮುಖ ತಿರುವಲಿಲ್ಲ, ಸೂಜಿಯನ್ನೇ ನೋಡುತ್ತಿದ್ದಳು.
"ಹಿಂಗಽ ನಮ್ಮಲ್ಲೂ. ಚೀಲಕ್ಕ ಕೊಳವಿ ಚುಚ್ಚತಾರ,
ಒಂದ್ ಹಿಡಿ ಕಾಳು ನೋಡಿ ಇಡೀ ಲಾರಿಗಿ ದರ ಕಟ್ಟತಾರ."

ಎರಡು ಎಂಎಲ್. ನೇರಳೆ ಮುಚ್ಚಳ.
ಹೆಪ್ಪುಗಟ್ಟದ ಹಾಗೆ ಮೆಲ್ಲಗೆ ಅಡಿಮೇಲು ಮಾಡಿದೆ, ಎಂಟು ಸಲ.

ಮೆಷಿನ್ ಒಂದು ನಿಮಿಷ ಗುರುಗುಟ್ಟಿ ಕಾಗದ ಉಗುಳಿತು.
ಹಿಮೋಗ್ಲೋಬಿನ್ ಏಳು ಪಾಯಿಂಟ್ ನಾಲ್ಕು.
ಎಲ್ಲರೂ ಓದುವ ಸಾಲು ಇದು. ಓದಿ ಇಲ್ಲಿಗೇ ನಿಲ್ಲುತ್ತಾರೆ.
ನಾನೂ ಎಷ್ಟೋ ಸಲ ಇಲ್ಲೇ ನಿಂತು, ಕೆಳಮುಖ ಬಾಣ ಹಾಕಿ,
ಮುಂದಿನವರನ್ನು ಕರೆದಿದ್ದೇನೆ.

ಇವತ್ತು ಕರೆಂಟು ಹೋಯಿತು.
ಕಾಗದವನ್ನು ಕಿಟಕಿಗೆ ಹಿಡಿದು ಕೆಳಗಿನದೆಲ್ಲ ಓದಿದೆ, ಬಾಯಿಬಿಟ್ಟು.

"ಕೆಂಪು ಕಣ, ಹತ್ತೊಂಬತ್ತು ಲಕ್ಷ."
"ಎಷ್ಟರಾಗ?"
"ಸಾಸಿವಿ ಕಾಳಿನಷ್ಟು ಹನಿಯೊಳಗ. ನಲವತ್ತರ ಆಸುಪಾಸು ಇರಬೇಕಿತ್ತು."
"ಅರ್ಧಾನೂ ಇಲ್ಲ. ಮುಂದ?"
"ಎಂಸಿವಿ, ನೂರಾ ಹದಿನಾರು. ಒಂದೊಂದು ಕಣದ ಗಾತ್ರ ಅದು.
ನೂರು ದಾಟಬಾರದು."

ಹದಿನೆಂಟು ವರ್ಷ ಜರಡಿ ಮುಂದೆ ನಿಂತವಳು
ಸ್ವಲ್ಪ ಹೊತ್ತು ಸುಮ್ಮನಾದಳು.
"ಕಾಳು ಕಮ್ಮಿ, ಖರೆ ದಪ್ಪ ಅವ.
ದಪ್ಪ ಕಾಳಿಗಿ ದರ ಜಾಸ್ತಿ ಬರಬೇಕಲ್ರೀ?"

ಕಬ್ಬಿಣ ಕಮ್ಮಿಯಾದರೆ ಕಣ ಸಣ್ಣಗಾಗಿ ಬಿಳಿಚುತ್ತದೆ,
ನುಚ್ಚಿನ ಹಾಗೆ ಕೆಳಗಿನ ಜರಡಿಗೆ ಉದುರುತ್ತದೆ, ಅಂದೆ.
ನಿನ್ನವು ಮೇಲೇ ಉಳಿದಿವೆ.
ಬೆಳೆದು ಬೆಳೆದು, ಎರಡಾಗುವ ಹೊತ್ತಿಗೆ ಎರಡಾಗದೆ...

"ಗೋಟಾ!" ಅಂದಳು.

ಗಿರಣಿಯಲ್ಲಿ ಸಿಪ್ಪೆ ಬಿಟ್ಟೂ ಬೇಳೆಯಾಗದೆ
ಇಡಿಯಾಗಿ ಹೊರಬೀಳುವ ತೊಗರಿ.
"ಗೋಟಾ ಬಿತ್ತಂದ್ರ ಕಾಳಿಂದು ತಪ್ಪಲ್ಲ ಬಾಯೀ.
ಎಣ್ಣಿ-ನೀರಿನ ಹದ ತಪ್ಪೇದ.
ಮ್ಯಾಲಿಂದ ಮತ್ತ ಕಾಳು ಸುರುವಿದ್ರ ಏನ್ ಬಂತು?"

ನಾನು ಮೂರು ವರ್ಷ ಡಿಪ್ಲೊಮಾ ಓದಿದವಳು.
ಪೆನ್ನಿನ ಮುಚ್ಚಳ ತೆಗೆದು, ಮತ್ತೆ ಹಾಕಿದೆ.

ಗಾಜಿನ ಮೇಲೆ ಹನಿ ಎಳೆದು, ಬಣ್ಣ ಹೊಯ್ದು, ಒಣಗಿಸಿ
ಹಳೇ ಮೈಕ್ರೋಸ್ಕೋಪಿನ ಕನ್ನಡಿಗೆ ಬಿಸಿಲು ಹಿಡಿದೆ.
ಮೊಟ್ಟೆಯಾಕಾರದ ದೊಡ್ಡ ದೊಡ್ಡ ಕಣ. ನಡುವೆ ಒಂದು ಬಿಳಿಯದು,
ಅದರ ಒಡಲು ಆರು ತುಂಡು; ಮೂರು ನಾಲ್ಕಿದ್ದರೆ ಸಾಕಿತ್ತು.
ಆಕೆಯೂ ಒಂದು ಕಣ್ಣು ಮುಚ್ಚಿ ನೋಡಿದಳು, ಮಾಲು ನೋಡುವಂತೆ.
"ಇದು ನಾನೇನು?"
ಹೂಂ.
"ಈ ಲಾಟು ವಾಪಸ್ ಹೋಗ್ತದ."

ಅಂಗಾಲು ಜುಮ್ಮೆನ್ನುತ್ತವೆಯೇ, ಕೇಳಿದೆ.
"ಚಪ್ಪಲ್ ಕಳಚಿ ಬಿದ್ರೂ ತಿಳಿಯಂಗಿಲ್ಲ. ನಿಂತು ನಿಂತು ಹಿಂಗ ಅಂತ ಬಿಟ್ಟಿದ್ದೆ."

ಷರಾ ಕಾಲಮ್ಮಿನಲ್ಲಿ ಮ್ಯಾಕ್ರೋಸೈಟಿಕ್ ಎಂದು ಬರೆದೆ.
ಬಿ-ಹನ್ನೆರಡು, ಫೋಲೇಟು ನೋಡಿಸಲು ಇಫ್ಫತ್ ಮೇಡಮ್ಮಿಗೆ ಚೀಟಿ.
ಇಂಥದ್ದೇ ಅಂತ ಹೇಳುವುದು ನನ್ನ ಕೆಲಸವಲ್ಲ.
ಮೂರು ವರ್ಷವೂ ಹೀಗೇ ಇತ್ತೋ ಏನೋ,
ಆ ಹಳೇ ಚೀಟಿಗಳಲ್ಲಿ ಕೆಳಗಿನ ಸಾಲುಗಳೇ ಇಲ್ಲ.

ಸೆರಗಿನ ಗಂಟು ಬಿಚ್ಚಿ ಕೆಂಪು ಗುಳಿಗೆಯ ಪಟ್ಟಿ ಇಟ್ಟಳು,
ನಾಲ್ಕು ಉಳಿದಿದ್ದವು.
"ಅಂಗಡ್ಯಾಗ ಇವು ವಾಪಸ್ ತಗೊಂತಾರೇನು?"
ಇಲ್ಲ.
"ಹೋಗ್ಲಿ. ಮೇಡಂ ಕಡಿ ನಾಳಿ ಗುರುವಾರ ಆಗಂಗಿಲ್ಲ, ಮಾಲು ಇಳಿತದ.
ಶುಕ್ರವಾರ ಹೋಗ್ತೀನಿ."

ಕರೆಂಟು ಬಂತು. ಮೆಷಿನ್ ಮತ್ತೆ ಮೊದಲಿನಿಂದ
ತನ್ನ ನಳಿಕೆ ತೊಳೆದುಕೊಳ್ಳತೊಡಗಿತು.