ಹಲ್ಲಲ್ಲಿ ದಾರ

ಹುಬ್ಬಳ್ಳಿಯಲ್ಲಿ ಹುಟ್ಟಿದೆ, ಹಲ್‌ಗೆ ಬಂದೆ.
ಊರಿನ ಹೆಸರುಗಳಲ್ಲೇ ಬರೆದಿತ್ತೇನೋ ನನ್ನ ಕಸುಬು:
ಹುಬ್ಬು ತೀಡುವುದು,
ಹಲ್ಲಲ್ಲಿ ದಾರ ಕಚ್ಚಿ.

ಗಾಜಿನ ಮಾಡಿನ ಮಾರ್ಕೆಟ್ಟಿನಲ್ಲಿ, ಮೀನಿನಂಗಡಿಗೆ ಬೆನ್ನು ಕೊಟ್ಟು
ಒಂದು ಕುರ್ಚಿ, ಒಂದು ಕನ್ನಡಿ, ಕಾಲಿಗೊಂದು ಹೀಟರು.
ಹುಬ್ಬಿಗೆ ಐದು ಪೌಂಡು, ಮೇಲ್ದುಟಿಗೆ ಮೂರು.
ಶನಿವಾರ ಶಾಲೆಯಿಲ್ಲ. ಮಗಳು ಶಾಲ್ಮಲಾ
ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು
ಏನೋ ಬರೆಯುತ್ತಾಳೆ, ಅಳಿಸುತ್ತಾಳೆ, ಉಫ್ ಎಂದು ಊದುತ್ತಾಳೆ.
ರಬ್ಬರಿನ ಪುಡಿ, ಯಾರದೋ ಹುಬ್ಬಿನ ಕೂದಲು
ಸಂಜೆ ಒಂದೇ ಪೊರಕೆಗೆ.

ಕುರ್ಚಿಗೆ ಒರಗಿದವರು
ಕಣ್ಣು ಮುಚ್ಚುತ್ತಾರೆ, ಬಾಯಿ ಮುಚ್ಚುವುದಿಲ್ಲ.
ಮೀನಿನಂಗಡಿಯ ಮಾರೀನ್ ಅಂದಳು:
ಎಂಥ ರೆಪ್ಪೆ ನಿನ್ನ ಹುಡುಗಿಯದು, ಗೊಂಬೆ, ಗೊಂಬೆ!
ಲೀಡ್ಸಿನಿಂದ ಬಂದ ನೀಲಗಂಗಕ್ಕ ಅಂದಳು:
ಮೂಗು ನಿಂದ. ಬಣ್ಣ ಅವರಪ್ಪಂದು ಬಂತಲ್ಲ,
ಈಗಿಂದನ ಕಡ್ಲಿಹಿಟ್ಟು ಹಚ್ಚು.
ಒಬ್ಬಳು ಹೊಗಳಿದಳು, ಒಬ್ಬಳು ಹಳಿದಳು,
ಇಬ್ಬರೂ ತೂಗಿದ್ದು ಒಂದೇ ಸಾಮಾನು.
ನಾನು ಹೂಂ ಅಂದೆ.
ಹಲ್ಲಲ್ಲಿ ದಾರ ಇರುವಾಗ
ಹೂಂ ಒಂದೇ ಹೊರಡುತ್ತದೆ.

ನನ್ನನ್ನು ನೋಡಲು ಬಂದವರು
ಜಡೆ ನಿಜವೋ ಚೌರಿಯೋ ಎಂದು ಎಳೆದು ನೋಡಿದ್ದರು.
ನಡೆಸಿದರು, ನಿಲ್ಲಿಸಿದರು, ಬಿಸಿಲಿಗೆ ತಿರುಗಿಸಿದರು.
ಅಪ್ಪನ ಹಿಟ್ಟಿನ ಗಿರಣಿಯ ಲೆಕ್ಕವೆಲ್ಲ,
ಪಾವು ಅರೆಪಾವು ಬಾಕಿ ಸಮೇತ,
ಈ ತಲೆಯೊಳಗೇ ಇತ್ತು.
ಜಡೆ ಹಿಡಿದು ತಲೆಯವರೆಗೂ ಬಂದವರು
ಅಲ್ಲಿಂದಲೇ ಹಿಂದಿರುಗಿದರು.

ನೀಲಗಂಗಕ್ಕನ ಎಡಹುಬ್ಬು ಮುಗಿಸಿ
ಬಲಕ್ಕೆ ದಾರ ಹಾಕಿದ್ದೆ.
ಶಾಲ್ಮಲಾ ಎದ್ದು ಬಂದಳು. ಕೈಯಲ್ಲಿ ಕಿತ್ತಳೆ,
ಕಿತ್ತಳೆಗೆ ಚುಚ್ಚಿದ ನನ್ನವೇ ಎರಡು ಹೇರ್‌ಪಿನ್ನು,
ಪಿನ್ನಿಂದ ಪಿನ್ನಿಗೆ ಜೋತುಬಿದ್ದ ನನ್ನದೇ ದಾರ.

ಅವ್ವಾ, ಇದು ಹಂಬರ್ ಬ್ರಿಜ್ಜು.
ಎರಡೂ ಕಂಬ ನೆಟ್ಟಗ ಅದಾವ,
ತೂಕದ ಗುಂಡು ಇಳಿಬಿಟ್ಟು ನೋಡಿದರೂ ನೆಟ್ಟಗ.
ಆದರ ಬುಡಕ್ಕಿಂತ ತುದಿಯಾಗ
ಮೂವತ್ತಾರು ಮಿಲಿಮೀಟರು ಜಾಸ್ತಿ ದೂರ.
ಯಾಕ ಹೇಳು?

ನೀಲಗಂಗಕ್ಕ ಕಣ್ಣು ತೆರೆದಳು:
ಅಯ್ಯ, ಕೆನ್ನಿ ನೋಡ, ಮಾತಾಡಿದರ ಗುಳಿ ಬೀಳತಾವ!

ದಾರ ಉಗುಳಿದೆ.

ಅಕ್ಕಾ, ಕೂಸು ಒಂದು ಪ್ರಶ್ನಿ ಕೇಳೈತಿ.
ಗೊತ್ತಿದ್ದರ ಹೇಳು.
ಗೊತ್ತಿಲ್ಲಂದರ ನನ್ನ ಜೋಡಿ ಕೇಳಿಸ್ಕೋ.

ಒಂದು ಹುಬ್ಬು ಬಿಲ್ಲು, ಒಂದು ಹುಬ್ಬು ಹುಲ್ಲು,
ಅಕ್ಕ ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡಳು.
ಆಚೆ ಮಾರೀನ್ ಮೀನಿನ ಮೇಲೆ ಐಸು ಸುರಿಯುವ ಸದ್ದು.

ಭೂಮಿ ದುಂಡಗೈತೆಲಾ, ಅಂದಳು ಮಗಳು
ನಮ್ಮಿಬ್ಬರ ಮೇಲೂ ಕರುಣೆಯಿಟ್ಟು.
ಈ ಕಂಬದ ನೆಟ್ಟಗ ಬ್ಯಾರೆ, ಆ ಕಂಬದ ನೆಟ್ಟಗ ಬ್ಯಾರೆ.

ಹಣ್ಣು ತಿರುಗಿಸಿ ತೋರಿಸಿದಳು.
ಹೌದು, ಪಿನ್ನುಗಳು ಒಂದರಿಂದೊಂದು ದೂರ ವಾಲಿದ್ದವು,
ಎರಡೂ ವಾಲದೆಯೇ.

ಉಳಿದ ಹುಬ್ಬಿಗೆ ದುಡ್ಡು ತೊಗೊಳ್ಳಲಿಲ್ಲ.
ಹೋಗುವಾಗ ಅಕ್ಕ ಆ ಕಿತ್ತಳೆ ಕೇಳಿದಳು, ಮೊಮ್ಮಗಳಿಗೆ ತೋರಿಸ್ತೀನಿ ಅಂತ.
ಶಾಲ್ಮಲಾ ಕೊಡಲಿಲ್ಲ.
ಹಣ್ಣು ಆ ಅಂಗಡ್ಯಾಗ ಸಿಗತೈತಿ, ಅಂದಳು,
ಪಿನ್ನಿಗೆ ಹತ್ತು ಪೆನ್ಸು.
ಗಿರಣಿಯ ರಕ್ತ.

ನಾಲ್ಕಕ್ಕೇ ಕತ್ತಲು. ಶಟರು ಎಳೆಯಲು ತಿರುಗಿದರೆ
ಕನ್ನಡಿಯ ಮುಂದೆ ನಿಂತಿದ್ದಾಳೆ,
ಮೂಗು ತಾಗುವಷ್ಟು ಹತ್ತಿರ.
ಎದೆ ಧಸಕ್ಕೆಂದಿತು: ಶುರುವಾಯಿತೇ ಇವಳಿಗೂ?

ಅವ್ವಾ, ಕನ್ನಡಿ ಎಡಕ್ಕ ಬಲ ಮಾಡತೈತಿ.
ಮ್ಯಾಲಿಂದು ಕೆಳಗ ಯಾಕ ಮಾಡೂದಿಲ್ಲ?

ಹಲ್ಲಲ್ಲಿ ದಾರವಿರಲಿಲ್ಲ,
ಹೂಂ ಅನ್ನಲೂ ಬರಲಿಲ್ಲ.
ಪೊರಕೆ ಹಿಡಿದೇ ಹೋಗಿ
ಅವಳ ಪಕ್ಕ ನಿಂತೆ,
ಮೂಗು ತಾಗುವಷ್ಟು ಹತ್ತಿರ.